ಹೊತ್ತು ಮುಳುಗಿದರೆ ತೆರೆಯದ ಆಟ

ಗೋಕಾಕದಲ್ಲಿ ವಿಡಿಯೋ ಗೇಮ್ ಮಾಡುವವರ ಸಮ್ಮೇಳನ ನಡೆದಾಗ ಅದರ ಆಮಂತ್ರಣ ಪತ್ರಿಕೆ ಥೇಟ್ ಲಗ್ನಪತ್ರಿಕೆಯ ಹಾಗೆ ಅಚ್ಚಾಗಿ ಬಂತು. ತಪ್ಪು ನಮ್ಮದೇ. ನಮ್ಮ ಕಂಪ್ಯೂಟರ್ ಕ್ಲಾಸಿನ ಮಾಲಕರು, ನಾವೆಲ್ಲ ಸರ್ ಅನ್ನುತ್ತಿದ್ದವರು, ಮಜಕೂರನ್ನು ಪ್ರೆಸ್ಸಿನವರ ಕೈಗೆ ಕೊಟ್ಟು, ನಿಮ್ಮ ಪದ್ಧತಿ ಪ್ರಕಾರ ಚೆಂದ ಮಾಡಿಕೊಡಿ ಎಂದು ಹೇಳಿ ಬಂದುಬಿಟ್ಟಿದ್ದರು. ಪ್ರೆಸ್ಸಿನವರಿಗೆ ಇದ್ದದ್ದು ಒಂದೇ ಪದ್ಧತಿ. ಅರಿಶಿನ ಬಣ್ಣದ ಕಾಗದ, ತಲೆಯ ಮೇಲೊಂದು ಕಳಸ, ಎರಡೂ ಬದಿಗೆ ಬಾಳೆಗಿಡ, ಕೆಳಗೆ 'ತಾವು ಸಹಕುಟುಂಬ ಸಪರಿವಾರ ಆಗಮಿಸಿ ಆಶೀರ್ವದಿಸಬೇಕು'. ವಧೂವರರ ಹೆಸರು ಇರುವ ಜಾಗದಲ್ಲಿ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಮೂರು ಕಂಪ್ಯೂಟರ್ ಕ್ಲಾಸುಗಳು ಸಾಲಾಗಿ ನಿಂತಿದ್ದವು. ಸ್ಥಳವೂ ಮಂಗಲ ಕಾರ್ಯಾಲಯವೇ. ಅಷ್ಟು ಮೇಜು, ಅಷ್ಟು ಕುರ್ಚಿ, ಜನರೇಟರ್ ಎಲ್ಲ ಒಂದೇ ಕಡೆ ಸಿಗುವ ಜಾಗ ಊರಲ್ಲಿ ಬೇರೆ ಇರಲಿಲ್ಲ.

ಹೀಗಾಗಿ ಆ ದಿನ ಮುಂಜಾನೆ ಬಂದವರಲ್ಲಿ ಅರ್ಧ ಜನರ ಕೈಯಲ್ಲಿ ಆಹೇರಿ ಇತ್ತು. ಒಬ್ಬರು ಸ್ಟೀಲಿನ ಬೋಗುಣಿ, ಒಬ್ಬರು ಜಂಪರ್ ಪೀಸು, ಒಬ್ಬರು ಗೋಡೆ ಗಡಿಯಾರ. ರೇಷ್ಮೆ ಸೀರೆ ಉಟ್ಟ ಒಬ್ಬ ಹಿರಿಯರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ನೀನು ಹೆಣ್ಣಿನ ಕಡೆಯವಳೋ ಗಂಡಿನ ಕಡೆಯವಳೋ ಎಂದು ಕೇಳಿದರು. ನಾನು ಕಂಪ್ಯೂಟರಿನ ಕಡೆಯವಳು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆಗಲಿ, ಊಟ ಯಾವಾಗ ಅಂದರು. ಊಟ ಮಾಡಿಸದೆ ಅವರನ್ನು ಕಳಿಸುವಂತಿರಲಿಲ್ಲ. ಸರ್ ಓಡಿಹೋಗಿ ಅಡಿಗೆಯ ಆಚಾರಿಯನ್ನು ಕರೆತಂದು ಇನ್ನೂರು ಜನಕ್ಕೆ ಗೋದಿ ಹುಗ್ಗಿ ಮಾಡಿಸಿದರು. ಹುಗ್ಗಿ ಉಂಡ ಮೇಲೆ ಜನ ಸುಮ್ಮನೆ ಹೋಗಲಿಲ್ಲ, ಬಂದದ್ದು ಬಂದಿದ್ದೇವೆ ಎಂದು ಆಟ ಆಡಲು ಕುಳಿತರು. ನಮ್ಮ ಸಮ್ಮೇಳನಕ್ಕೆ ಅಷ್ಟು ಜನ ಸೇರಿದ್ದರ ಗುಟ್ಟು ಇಷ್ಟೇ.

ನನ್ನ ವಿಷಯ ಹೇಳಬೇಕು. ನನಗಾಗ ಇಪ್ಪತ್ತಾರು ವರ್ಷ. ಮಮದಾಪುರದಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಆ ಕ್ಲಾಸಿನಲ್ಲಿ ಟೈಪಿಂಗ್ ಮತ್ತು ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಹೆಸರಾಗಿತ್ತು, ಅದು ಸುಳ್ಳೂ ಅಲ್ಲ. ಮೌಸ್ ಹಿಡಿದು ಮೇಜಿಗೆ ಕುಟ್ಟುವ ವಿದ್ಯಾರ್ಥಿಗಳನ್ನು ನಾನು ಮುಲಾಜಿಲ್ಲದೆ ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆ. ಕ್ಲಾಸು ಐದಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಯಾವ ಬ್ಯಾಚೂ ಇರುತ್ತಿರಲಿಲ್ಲ. ಆ ಬಿಡುವಿನಲ್ಲಿ, ಎಂಟು ತಿಂಗಳು ಕೂತು, ನಾನೊಂದು ಆಟ ಬರೆದೆ. ಅದರ ಹೆಸರು 'ಹೊತ್ತ ಮುಣಗೂದ್ರೊಳಗ'.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾವು ಕಿರಿಯರು ಪರವೂರಿಗೆ ಹೋದಾಗ ಅಷ್ಟಿಷ್ಟು ಸಡಿಲ ಬಿಡುತ್ತಿದ್ದೆವು. ನನ್ನ ಅಪ್ಪನ ತಾಯಿ, ಆಯಿ, ಸೂರ್ಯ ಹೋದ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ದಿನದ ದೊಡ್ಡ ಗದ್ದಲವೆಂದರೆ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ಅಪ್ಪ, ಕಾಕಾ ಹೊಲದಿಂದ ಬರಬೇಕು, ನೀರು ಬಟ್ಟೆಯಲ್ಲಿ ಸೋಸಬೇಕು, ರೊಟ್ಟಿ ಬಡಿಯಬೇಕು, ಒಬ್ಬೊಬ್ಬರನ್ನೇ ಕರೆದು ತಾಟಿನ ಮುಂದೆ ಕೂರಿಸಬೇಕು. ಇದೆಲ್ಲ ಆಯಿಯ ಕಾರಭಾರ. ಎಲ್ಲರದೂ ಮುಗಿದ ಮೇಲೆ ತಾನು ಕೂರುವಳು. ಎಷ್ಟೋ ದಿನ ಕಡೆಗಳಿಗೆಯಲ್ಲಿ ಘಟಪ್ರಭಾದಲ್ಲಿ ರೈಲು ಇಳಿದ ಬೀಗರು ಯಾರಾದರೂ ಬಂದುಬಿಡುತ್ತಿದ್ದರು. ಅವರಿಗೆ ಬಡಿಸಿ ಮುಗಿಸುವಷ್ಟರಲ್ಲಿ ಹೊತ್ತು ಹೋಗಿರುತ್ತಿತ್ತು. ಆಗ ಆಯಿ ಪಾತ್ರೆ ಮುಚ್ಚಿಟ್ಟು, ನನಗೆ ಹಸಿವೇ ಇಲ್ಲ ಎಂದು ಹೇಳಿ ಕೈ ತೊಳೆಯುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಅದನ್ನು ನಂಬಿದ್ದೆ.

ಆಟವೂ ಅದೇ. ಪರದೆಯ ಒಂದು ಮೂಲೆಯಲ್ಲಿ ಗುಡ್ಡ, ಅದರ ಮೇಲೆ ನಿಧಾನ ಇಳಿಯುವ ಸೂರ್ಯ. ಕೆಳಗೆ ಅಡಿಗೆಮನೆ. ಹೊಲದಿಂದ, ಸಂತೆಯಿಂದ, ಸ್ಟೇಷನ್ನಿನಿಂದ ಜನ ಬರುತ್ತಾರೆ. ಆಡುವವರು ನೀರು ಸೋಸಿ, ರೊಟ್ಟಿ ಬೇಯಿಸಿ, ತಾಟು ಹಾಕಿ, ಎಲ್ಲರಿಗೂ ಹೊತ್ತು ಮುಳುಗುವುದರೊಳಗೆ ಉಣ್ಣಿಸಬೇಕು. ಕಾಯಿಪಲ್ಲೆಯ ಬಣ್ಣಗಳನ್ನು ನಾನು ಗೋಕಾಕದ ಬಜಾರದಲ್ಲಿ ಸಿಗುವ ಕಟ್ಟಿಗೆಯ ಗೊಂಬೆ ಹಣ್ಣು-ಕಾಯಿಗಳನ್ನು ಎದುರಿಗಿಟ್ಟುಕೊಂಡು ತುಂಬಿದ್ದೆ, ಹಾಗಾಗಿ ನನ್ನ ಬದನೆಕಾಯಿ ನಿಜದ ಬದನೆಕಾಯಿಗಿಂತ ಹೆಚ್ಚು ಹೊಳೆಯುತ್ತಿತ್ತು. ಯಾರಾದರೂ ಬಟಾಟೆಗೆ ಕೈ ಹಾಕಿದರೆ ಒಲೆಯ ಮುಂದಿನ ಮುದುಕಿ ಮುಖ ತಿರುಗಿಸಿ ಕೂರುತ್ತಿದ್ದಳು. ನೆಲದೊಳಗೆ ಬೆಳೆದ ಗಡ್ಡೆ ನಮ್ಮ ಒಲೆಗೆ ಬರುವುದಿಲ್ಲ. ಅವಳನ್ನು ಸಮಾಧಾನ ಮಾಡುವುದರಲ್ಲಿ ಸೂರ್ಯ ಎರಡು ಬೆರಳು ಇಳಿದಿರುತ್ತಿದ್ದ.

ಕ್ಲಾಸಿನ ಹುಡುಗರು ಆಡಿದರು, ಎಲ್ಲರೂ ಸೋತರು. ಬಂದವರಿಗೆಲ್ಲ ಉಣ್ಣಿಸಿ, ಗೆದ್ದೆವೆಂದು ಕೈ ಎತ್ತುವ ಹೊತ್ತಿಗೆ ಸೂರ್ಯ ಮುಳುಗಿ, ಪರದೆಯ ಮೇಲೆ 'ಎಲ್ಲಾರೂ ಉಂಡ್ರು. ಆಯಿ ಉಳದಾಳ' ಎಂದು ಬರುತ್ತಿತ್ತು. ಒಲೆಯ ಮುಂದೆ ಕುಳಿತ ಮುದುಕಿಯೂ ಉಣ್ಣಬೇಕಾದವಳೇ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಒಂದು ದಿನ ಆಯಿಯನ್ನೇ ಬಸ್ಸು ಹತ್ತಿಸಿಕೊಂಡು ಬಂದು ತಿರುಗುವ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ಕುರ್ಚಿಯಲ್ಲೇ ನಾಲ್ಕು ಸುತ್ತು ತಿರುಗಿ ಖುಷಿಪಟ್ಟಳು. ಆಮೇಲೆ ಮೌಸನ್ನು ಲಟ್ಟಣಿಗೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಆಡಿದಳು, ಅವಳೂ ಸೋತಳು. ಅಕ್ಷರ ಕೂಡಿಸಿ ಕೂಡಿಸಿ ಆ ಸಾಲು ಓದಿ, "ಆಕಿ ಆಮ್ಯಾಲೆ ಉಣ್ತಾಳ ಬಿಡು" ಅಂದಳು. ನನಗೆ ನಗೆ ಬಂತು, ಕಣ್ಣಲ್ಲಿ ನೀರೂ ಬಂತು. ಅದು ನೀನೇ ಎಂದು ನಾನು ಹೇಳಲಿಲ್ಲ.

ಆಯಿ ಆ ದಿನ ಸುಮಾರು ತಿದ್ದುಪಡಿ ಕೊಟ್ಟಳು. ರೊಟ್ಟಿ ಅಷ್ಟು ಬೇಗ ಬೇಯುವುದಿಲ್ಲ, ತಂಬಿಗೆ ಎಡಗಡೆ ಇರಬಾರದು, ಹೊರಗಿನಿಂದ ಬಂದವರು ಕಾಲು ತೊಳೆಯದೆ ಹೇಗೆ ಒಳಗೆ ಬಂದರು. ಕಡೆಗೆ ಒಂದು ಕಟ್ಟಪ್ಪಣೆ ಮಾಡಿದಳು: ಹೊತ್ತು ಮುಳುಗಿದ ಮೇಲೆ ಈ ಆಟ ತೆರೆಯಲೇಬಾರದು. ಆಟದ ಒಲೆಯಾದರೂ ಒಲೆ ಒಲೆಯೇ. ನಾನು ಗೋಡೆಯ ಕ್ಯಾಲೆಂಡರ್ ನೋಡಿ ವರ್ಷದ ಸೂರ್ಯೋದಯ, ಸೂರ್ಯಾಸ್ತಗಳನ್ನೆಲ್ಲ ಟೈಪು ಮಾಡಿ ಒಳಗೆ ಹಾಕಿದೆ. ಕಂಪ್ಯೂಟರಿನ ಗಡಿಯಾರ ಆ ಗಳಿಗೆ ದಾಟಿತೆಂದರೆ ಆಟ ಬಂದ್. ಕ್ಲಾಸೇ ಐದಕ್ಕೆ ಮುಚ್ಚುತ್ತಿದ್ದುದರಿಂದ ಯಾರಿಗೂ ಅದರಿಂದ ಅಡಚಣೆಯಾಗಲಿಲ್ಲ, ನಾನೂ ಮರೆತೆ.

ಸಮ್ಮೇಳನಕ್ಕೆ ಪುಣೆಯಿಂದ ಒಬ್ಬ ಮೇಡಂ ಬರುವವರಿದ್ದರು. ಕಂಪನಿಯಲ್ಲಿ ಗೇಮ್ ಮಾಡುವುದೇ ಅವರ ಕೆಲಸ, ಅದಕ್ಕೇ ಪಗಾರ. ಅಂಥದೊಂದು ನೌಕರಿ ಇದೆ ಎಂಬುದನ್ನೇ ನಮ್ಮಲ್ಲಿ ಬಹಳ ಜನ ನಂಬಿರಲಿಲ್ಲ. ಅವರು ಎಲ್ಲ ಮೇಜುಗಳನ್ನೂ ನೋಡಿ ಒಂದು ಆಟ ಆರಿಸುವರು, ಅದನ್ನು ಮಾಡಿದವರಿಗೆ ಪುಣೆಯ ದೊಡ್ಡ ಸಮ್ಮೇಳನದಲ್ಲಿ ಒಂದು ಮೇಜು ಸಿಗುವುದು. ನನಗೆ ಅದು ಬೇಕಾಗಿತ್ತು. ಸುಮ್ಮನೆ ಅಲ್ಲ, ಹಟದಿಂದ ಬೇಕಾಗಿತ್ತು. ಬಂದೂಕಿಲ್ಲದ್ದು ಎಂಥ ಆಟ, ಅದು ಹೆಂಗಸರ ಅಡಿಗೆ ಕೆಲಸ ಎಂದು ನಮ್ಮ ಕ್ಲಾಸಿನಲ್ಲೇ ಆಡಿಕೊಂಡಿದ್ದರು. ಸರ್ ಕೂಡ ನನ್ನ ಮೇಜನ್ನು ಕಟ್ಟಕಡೆಗೆ, ಕೈ ತೊಳೆಯುವ ನಳದ ಬಾಜೂ ಹಾಕಿಸಿದ್ದರು. ನಾನು ಮಾಡಿದ್ದು ಆಟ ಹೌದೋ ಅಲ್ಲವೋ ಎಂದು ಆಟ ಬಲ್ಲವರೊಬ್ಬರ ಬಾಯಿಂದ ಕೇಳಬೇಕಿತ್ತು ನನಗೆ.

ಆದರೆ ಆ ದಿನದ ಖುಷಿಯನ್ನು ಮೊದಲು ಹೇಳಬೇಕು. ಮೂಡಲಗಿಯ ತರುಣನೊಬ್ಬ ಕಬ್ಬಿನ ಟ್ರ್ಯಾಕ್ಟರಿನ ಆಟ ಮಾಡಿದ್ದ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರು ಹತ್ತಬೇಕು, ಹೆಚ್ಚು ಹೇರಿದರೆ ಮುಂದಿನ ಗಾಲಿಗಳು ಮೇಲೇಳುತ್ತವೆ. ಆ ಮೇಜಿನ ಮುಂದೆ ಪಟಕಾ ಸುತ್ತಿದ ಹಿರಿಯರು ಮೂರು ಸಾಲು ನಿಂತಿದ್ದರು. ಆಡುವವನಿಗಿಂತ ಹಿಂದೆ ನಿಂತವರ ಗದ್ದಲವೇ ಹೆಚ್ಚು, ಯಾವ ಗೇರು ಹಾಕಬೇಕು, ಎಲ್ಲಿ ಬ್ರೇಕು ತುಳಿಯಬೇಕು ಎಂದು. ಒಬ್ಬರಂತೂ ಟ್ರೇಲರ್ ಮಗುಚಿದ್ದಕ್ಕೆ ನಿಜವಾಗಿಯೂ ಮನಸ್ಸಿಗೆ ಹಚ್ಚಿಕೊಂಡು, ಹುಗ್ಗಿ ಎರಡನೇ ಸಲ ಬಡಿಸಿಕೊಳ್ಳದೆ ಎದ್ದರು. ಹುಕ್ಕೇರಿಯ ಮಾಸ್ತರರೊಬ್ಬರದು ಬಂದೂಕಿನ ಆಟ. ಅದರ ಸದ್ದಿಗೆ ಕಾರ್ಯಾಲಯದ ಪಾರಿವಾಳಗಳೆಲ್ಲ ಎದ್ದು ಹೋದವು. ನಡುವೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಾರ್ಯಾಲಯದ ಮನುಷ್ಯ ರೂಢಿಯಂತೆ ಸನಾದಿಯ ಟೇಪು ಹಚ್ಚುತ್ತಿದ್ದ, ಜನ ಅಕ್ಕಿಕಾಳು ಬಿದ್ದು ಮುಹೂರ್ತವಾಯಿತೆಂದು ತಿರುಗಿ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಅಷ್ಟು ನಕ್ಕ ದಿನ ನನಗೆ ಇನ್ನೊಂದು ನೆನಪಿಲ್ಲ.

ನನ್ನ ಮೇಜಿನ ತೊಂದರೆ ಎಂದರೆ ಪ್ಲಗ್ಗು. ನಳದ ಬಾಜೂವಿನ ಆ ಸಾಕೆಟ್ಟು ಸಡಿಲಾಗಿತ್ತು, ಯಾರಾದರೂ ಹತ್ತಿರ ನಡೆದರೂ ಕಂಪ್ಯೂಟರ್ ಆರಿಹೋಗುತ್ತಿತ್ತು. ನನ್ನ ಜೊತೆ ಬಂದಿದ್ದ ಆಯಿ ಅದನ್ನು ನೋಡಿ, ಗೋಡೆಗೆ ಒಂದು ಸ್ಟೂಲು ಎಳೆದು ಕುಳಿತು, ತನ್ನ ಊರುಗೋಲಿನ ತುದಿಯಿಂದ ಪ್ಲಗ್ಗನ್ನು ಒತ್ತಿ ಹಿಡಿದಳು. ಕಂಪ್ಯೂಟರ್ ಮತ್ತೆ ಆರಲಿಲ್ಲ. ಅವಳ ತೊಡೆಯ ಮೇಲೆ ಅರಿವೆಯಲ್ಲಿ ಕಟ್ಟಿದ ಬುತ್ತಿಯ ಡಬ್ಬಿ, ಪಕ್ಕದಲ್ಲಿ ಸೋಸಿದ ನೀರಿನ ತಂಬಿಗೆ. ನಾಲ್ಕು ಗಂಟೆಗೆ ಅವಳು ಡಬ್ಬಿಯ ಮೇಲೆ ಕೈ ಇಟ್ಟದ್ದು ನೋಡಿ ನಾನೇ ಹೇಳಿದೆ, "ಇನ್ನೇನ ನನ್ನ ಪಾಳಿ ಬಂತು ಆಯಿ. ಮುಗದಮ್ಯಾಲೆ ಇಬ್ಬರೂ ಕೂಡೇ ಉಣ್ಣೂಣು." ಅವಳು ಆಗಲೆಂದು ಕೈ ತೆಗೆದಳು.

ಪಾಳಿ ಎಲ್ಲಿ ಬರಬೇಕು. ಉದ್ಘಾಟನೆಯಾಗದೆ ಮೇಡಂ ಮೇಜು ನೋಡುವಂತಿರಲಿಲ್ಲ. ಹತ್ತಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಪುಢಾರಿ ನಾಲ್ಕೂಕಾಲಿಗೆ ಬಂದರು. ಆಟ ಎಲ್ಲ ನಿಲ್ಲಿಸಿ ಕುರ್ಚಿ ತಿರುಗಿಸಿ ಕೂರಿಸಿದರು. ಪುಢಾರಿಯವರು ಕಂಪ್ಯೂಟರಿನಿಂದ ಸುರು ಮಾಡಿ ಕಾಲುವೆಯ ನೀರಿಗೆ ಬಂದು, ಅಲ್ಲಿಂದ ಹೊರಳಲೇ ಇಲ್ಲ. ಶಾಲು, ಹಾರ, ಕರದಂಟಿನ ಡಬ್ಬಿ, ಮತ್ತೆ ಮೂರೂ ಕ್ಲಾಸಿನವರ ಸತ್ಕಾರ. ಇದೆಲ್ಲ ಮುಗಿದು ಪುಣೆಯ ಮೇಡಂ ಮೊದಲ ಮೇಜಿಗೆ ಹೋದಾಗ ಐದೂವರೆ. ಹುಕ್ಕೇರಿಯ ಮಾಸ್ತರರು ಅವರನ್ನು ಬಿಡಲೇ ಒಲ್ಲರು, ಹನ್ನೆರಡೂ ಬಂದೂಕು ತೋರಿಸಿದರು. ನಾನು ದೂರದಿಂದ ಹಲ್ಲು ಕಡಿಯುತ್ತ ನಿಂತಿದ್ದೆ. ಒಳಗೆ ಟ್ಯೂಬ್‌ಲೈಟು ಝಗಝಗ ಉರಿಯುತ್ತಿದ್ದುದರಿಂದ ಹೊರಗೆ ಹೊತ್ತು ಎಷ್ಟಾಯಿತೆಂದು ಯಾರಿಗೂ ತಿಳಿಯಲಿಲ್ಲ. ಮೇಡಂ ನನ್ನ ಮೇಜಿಗೆ ಬಂದದ್ದು ಆರೂ ಇಪ್ಪತ್ತಕ್ಕೆ. ಆ ದಿನದ ಸೂರ್ಯಾಸ್ತ ಆರಕ್ಕೆ.

ನಾನು ಆಟ ತೆರೆದೆ. ತೆರೆಯಲಿಲ್ಲ. ಕಪ್ಪು ಪರದೆಯ ಮೇಲೆ ನಾನೇ ಬರೆದ ಸಾಲು ಬಂತು: 'ಹೊತ್ತ ಮುಣಗೇತಿ. ಮನ್ಯಾಗ ಇನ್ನ ತಾಟ ಹಾಕಾಂಗಿಲ್ಲ. ಮುಂಜಾನೆ ಬರ್ರಿ.'

ಎಂಟು ತಿಂಗಳು ಬರೆದದ್ದು ಎಂಟು ಪದದಲ್ಲಿ ಬಾಗಿಲು ಹಾಕಿಕೊಂಡಿತ್ತು. ಸರ್ ನನ್ನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ಹುಕ್ಕೇರಿಯ ಮಾಸ್ತರರು ಮನುಷ್ಯ ಒಳ್ಳೆಯವರು, ನನ್ನ ಕಿವಿಯ ಹತ್ತಿರ ಬಂದು, "ಗಡಿಯಾರ ಹಿಂದ ಸರಸ್ರಿ, ಒಂದ ನಿಮಿಷದ ಕೆಲಸ" ಅಂದರು. ಖರೆ. ಮೂಲೆಯ ಗಡಿಯಾರವನ್ನು ಐದಕ್ಕೆ ತಂದರೆ ಆಟಕ್ಕೆ ಹೊತ್ತು ಮುಳುಗಿದ್ದು ಗೊತ್ತೇ ಆಗುವುದಿಲ್ಲ. ನಾನು ಮೌಸಿನ ಮೇಲೆ ಕೈ ಇಟ್ಟೆ. ಪ್ಲಗ್ಗನ್ನು ಇನ್ನಷ್ಟು ಗಟ್ಟಿ ಒತ್ತು ಎಂದು ಹೇಳಲು ಆಯಿಯ ಕಡೆ ತಿರುಗಿದೆ.

ಆಯಿ ಎರಡೂ ಕೈಯಿಂದ ಊರುಗೋಲು ಹಿಡಿದು ಹಾಗೆಯೇ ಕುಳಿತಿದ್ದಳು. ಎದ್ದರೆ ನನ್ನ ಕಂಪ್ಯೂಟರ್ ಆರುತ್ತದೆಂದು ಅವಳು ಎದ್ದೇ ಇರಲಿಲ್ಲ. ತೊಡೆಯ ಮೇಲಿನ ಡಬ್ಬಿಯ ಗಂಟು ಬಿಚ್ಚಿರಲಿಲ್ಲ.

"ಆಯಿ, ನೀ ಉಂಡಿಯೇನು?"

"ನನಗ ಹಸಿವ್ಯಾ ಇಲ್ಲ."

ಆ ಮಾತು ನನಗೆ ಹೊಸದಲ್ಲ. ಆ ಮಾತಿನ ಮೇಲೆಯೇ ಒಂದು ಆಟ ಕಟ್ಟಿ, ಅದನ್ನು ಊರಿಗೆಲ್ಲ ಆಡಿಸಿ, ಆಯಿಯನ್ನು ಮರೆತಿರೆಂದು ಎಲ್ಲರನ್ನೂ ಸೋಲಿಸಿದವಳು ನಾನು. ನಾನೇ ಅವಳನ್ನು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿ ಹೊತ್ತು ಮುಳುಗಿಸಿದ್ದೆ. ಮೌಸಿನ ಮೇಲಿಂದ ಕೈ ತೆಗೆದೆ. ಮೇಡಂಗೆ ಮರಾಠಿಯಲ್ಲಿ ಹೇಳಿದೆ: ಇವತ್ತು ಈ ಆಟ ತೆರೆಯುವುದಿಲ್ಲ, ಮೋಸ ಮಾಡಿ ತೆರೆಯಬಹುದು, ಆದರೆ ನಾನು ತೆರೆಯುವುದಿಲ್ಲ. ಸರ್ ಹಣೆ ಒರೆಸಿಕೊಂಡರು. ಮೇಡಂ ಪರದೆಯ ಮೇಲೆ ಏನು ಬರೆದಿದೆ ಎಂದು ಕೇಳಿದರು, ಓದಿ ಹೇಳಿದೆ. ಯಾಕೆ ಎಂದು ಕೇಳಿದರು, ಅದನ್ನೂ ಹೇಳಿದೆ, ಡಬ್ಬಿಯ ವಿಷಯ ಸಹಿತ. ಅವರು ಆಯಿಯ ಮುಂದೆ ಮೊಣಕಾಲೂರಿ ಕುಳಿತು ಆ ಗಂಟನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದ್ದು ಒಂದೇ, ನಾಳೆ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ? ಕ್ಯಾಲೆಂಡರ್ ನನಗೆ ಬಾಯಿಪಾಠವಾಗಿತ್ತು. ಏಳಕ್ಕೆ ಹತ್ತು ಕಡಿಮೆ ಎಂದೆ. ಘಟಪ್ರಭಾದಿಂದ ಅವರ ಗಾಡಿ ಏಳೂವರೆಗೆ. ಆರೂಮುಕ್ಕಾಲಿಗೆ ಸ್ಟೇಷನ್ನಿನಲ್ಲಿ ಇರುತ್ತೇನೆ, ತನ್ನಿರಿ ಎಂದರು.

ಮರುದಿನ ಕತ್ತಲಿರುವಾಗಲೇ ಮೂಡಲಗಿಯ ತರುಣ ಒಂದು ಟಂಟಂ ಗೊತ್ತು ಮಾಡಿಕೊಂಡು ಮಮದಾಪುರಕ್ಕೆ ಬಂದ. ಆಟದ ಟ್ರ್ಯಾಕ್ಟರ್ ಓಡಿಸಿದವನಿಗೆ ಮೂರು ಗಾಲಿಯ ಆಟೋ ಏನು ಲೆಕ್ಕ, ಡ್ರೈವರನ ಬಾಜೂ ಕುಳಿತು ದಾರಿಯುದ್ದಕ್ಕೂ ಗೇರು ಹೇಳಿಕೊಟ್ಟ. ಗೋಕಾಕದಲ್ಲಿ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಏರಿಸಿಕೊಂಡೆವು. ಮಾನಿಟರ್ ಆಯಿಯ ತೊಡೆಯ ಮೇಲೆ, ಡಬ್ಬಿ ನನ್ನ ತೊಡೆಯ ಮೇಲೆ. ನಿನ್ನೆಯ ರೊಟ್ಟಿ ಅವಳು ಉಣ್ಣುವುದಿಲ್ಲ, ಅದಕ್ಕೆ ಶೇಂಗಾ ಉಂಡಿ, ಬಾಳೆಹಣ್ಣು, ಸೋಸಿದ ನೀರು ಇಟ್ಟುಕೊಂಡಿದ್ದೆ. ನಿನ್ನೆ ಮಧ್ಯಾಹ್ನದಿಂದ ಅವಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೂ ಚಳಿಗಾಳಿಗೆ ಮುಖ ಕೊಟ್ಟು, ತನ್ನ ಲಗ್ನದ ಮೆರವಣಿಗೆಯೂ ಇಷ್ಟು ಚೆಂದ ಇರಲಿಲ್ಲ ಎಂದು ಹೇಳಿ ನಗುತ್ತಿದ್ದಳು.

ಸ್ಟೇಷನ್ ಹೊರಗಿನ ಚಾದಂಗಡಿಯಲ್ಲಿ ಒಂದು ಪ್ಲಗ್ಗು ಇತ್ತು, ರೇಡಿಯೋದ್ದು. ತನಗೂ ಒಮ್ಮೆ ಆಡಲು ಕೊಡಬೇಕೆಂಬ ಕರಾರಿನ ಮೇಲೆ ಅಂಗಡಿಯವನು ರೇಡಿಯೋ ತೆಗೆದ. ಬಿಸ್ಕೀಟಿನ ಬರಣಿಗಳನ್ನು ಸರಿಸಿ ಮಾನಿಟರ್ ಇಟ್ಟೆವು. ಮೇಡಂ ಆಗಲೇ ಬೆಂಚಿನ ಮೇಲೆ ಕುಳಿತಿದ್ದರು. ಗಾಡಿಗೆ ಕಾಯುತ್ತಿದ್ದ ಹತ್ತು ಹನ್ನೆರಡು ಮಂದಿ ಏನೋ ಮಾರಲು ಬಂದಿದ್ದಾರೆಂದು ಸುತ್ತ ನೆರೆದರು. ಸೂರ್ಯ ಹುಟ್ಟಿದ. ಆಯಿ ಕೈ ಮುಗಿದಳು. ಎಲ್ಲರೂ ನಾನು ಕಂಪ್ಯೂಟರ್ ಹಚ್ಚುತ್ತೇನೆಂದು ನೋಡುತ್ತಿದ್ದರು.

ನಾನು ಡಬ್ಬಿಯ ಗಂಟು ಬಿಚ್ಚಿ ಆಯಿಯ ಮುಂದಿಟ್ಟೆ. "ಮೊದಲ ನೀ ಉಣ್ಣು."

"ಅವ್ರ ಗಾಡಿ ಬರ್ತೈತಿ. ಮೊದಲ ಆಟ ತೋರಸು, ನಾ ಆಮ್ಯಾಲೆ ಉಣ್ತೀನಿ."

"ಗಾಡಿ ಹೋದ್ರ ಹೋಗಲಿ. ನೀ ಉಣ್ಣೂತನಕ ನಾ ಇದನ್ನ ಮುಟ್ಟಾಂಗಿಲ್ಲ."

ನನ್ನ ಸಿಟ್ಟಿಗೆ ಆಯಿ ಹೆದರಿದ್ದು ಜೀವಮಾನದಲ್ಲಿ ಅದೊಂದೇ ಸಲ. ತಿರುಗಿ ಕುಳಿತು, ನೀರು ಕುಡಿದು, ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ಹಲ್ಲು ನಾಲ್ಕೇ ಉಳಿದಿದ್ದವು, ಶೇಂಗಾ ಉಂಡಿ ಸಾವಕಾಶ ಹೋಗುವ ಪದಾರ್ಥ. ಐದು ನಿಮಿಷ, ಹತ್ತು ನಿಮಿಷ. ಮೂಡಲಗಿಯ ತರುಣ ಹಳಿಯ ಕಡೆ ನೋಡುತ್ತ ಚಡಪಡಿಸಿದ. ನಾನು ಮಾತ್ರ ಬಾಳೆಹಣ್ಣು ಸುಲಿದು ಸುಲಿದು ಕೊಟ್ಟೆ, ಅವಸರ ಮಾಡಲಿಲ್ಲ. ಆಯಿ ಬಾಯಿ ಒರೆಸಿಕೊಂಡು, ಆಯಿತು ಎಂದ ಮೇಲೆ ಕಂಪ್ಯೂಟರ್ ಹಚ್ಚಿದೆ. ಆಟ ತೆರೆಯಿತು. ಗಾಡಿಗೆ ಇಪ್ಪತ್ತು ನಿಮಿಷ ಉಳಿದಿತ್ತು.

ಮೇಡಂ ಮೌಸ್ ಹಿಡಿದರು. ಮನೆ ನೋಡಿದರು, ಬಾಗಿಲಲ್ಲಿ ನಿಂತ ಕಾಕಾನನ್ನು ನೋಡಿದರು, ಒಲೆಯ ಮುಂದಿನ ಮುದುಕಿಯನ್ನು ನೋಡಿದರು. ಆಮೇಲೆ, ಯಾರೂ ಎಂದೂ ಮಾಡದ್ದನ್ನು ಮಾಡಿದರು. ಮೊದಲ ತಾಟು ತೆಗೆದು ಮುದುಕಿಯ ಮುಂದೆ ಹಾಕಿ, ಅವಳನ್ನೇ ಮೊದಲು ಕೂರಿಸಿದರು.

ಆಟ ನಿಂತುಬಿಟ್ಟಿತು. ಮುದುಕಿ ತಾಟಿನ ಮುಂದೆ ಕುಳಿತಳು, ತಾಟು ಬರಿದು. ಅಪ್ಪ, ಕಾಕಾ, ಬೀಗರು ಬಾಗಿಲಲ್ಲಿ ನಿಂತೇ ಇದ್ದರು. ಸೂರ್ಯ ಕೂಡ ಗುಡ್ಡದ ಮೇಲೆ ನಿಂತ. ಯಾವ ಗುಂಡಿ ಒತ್ತಿದರೂ ಏನೂ ಅಲ್ಲಾಡಲಿಲ್ಲ. ಪ್ಲಗ್ಗು ಸಡಿಲಾಯಿತೆಂದು ಆಯಿ ಊರುಗೋಲು ಎತ್ತಿದಳು. ಪ್ಲಗ್ಗು ಸರಿಯಾಗಿತ್ತು. ಒಂದು ಗಳಿಗೆ ಕಳೆದ ಮೇಲೆ ನನಗೆ ತಿಳಿಯಿತು. ನನ್ನ ಆಟದಲ್ಲಿ ಬಡಿಸುವವಳು ಆಯಿ ಒಬ್ಬಳೇ. ಅವಳೇ ಕುಳಿತರೆ ಅವಳಿಗೆ ಬಡಿಸುವವರು ಯಾರು ಎಂದು ನಾನು ಬರೆದಿರಲೇ ಇಲ್ಲ. ಬಟಾಟೆ ಎತ್ತಿದರೆ ಏನಾಗಬೇಕು, ಕಾಲು ತೊಳೆಯದಿದ್ದರೆ ಏನಾಗಬೇಕು, ಎಲ್ಲ ಬರೆದಿದ್ದೆ. ಆಯಿ ಮೊದಲು ಕೂರಬಹುದು ಎಂಬುದು ಮಾತ್ರ ಇಪ್ಪತ್ತಾರು ವರ್ಷದಲ್ಲಿ ನನ್ನ ತಲೆಗೆ ಬಂದಿರಲಿಲ್ಲ. ನಾನು ಕಂಡಿದ್ದರೆ ತಾನೇ ಬರೆಯುವುದು?

ಇದನ್ನು ತೊದಲುತ್ತ ಮೇಡಂಗೆ ಹೇಳಿದೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅವರು ನಕ್ಕರು, ಬೆಂಚು ಅಲುಗಾಡುವ ಹಾಗೆ ನಕ್ಕರು. ಅವರೆಂದದ್ದರ ಸಾರ ಇದು: ಬೇರೆ ಆಟಗಳನ್ನು ಹೇಗೆ ಗೆಲ್ಲಬೇಕೆಂದು ಮೊದಲ ನಿಮಿಷಕ್ಕೇ ತಿಳಿಯುತ್ತದೆ, ಇದನ್ನು ಹೇಗೆ ಗೆಲ್ಲಬೇಕೆಂದು ಮಾಡಿದವಳಿಗೇ ಗೊತ್ತಿಲ್ಲ. ಹೋಗಿ ಗೊತ್ತು ಮಾಡಿಕೊಂಡು ಬಾ. ಅಷ್ಟರಲ್ಲಿ ಗಾಡಿ ಬಂತು. ಮೂಡಲಗಿಯ ತರುಣ ಅವರ ಚೀಲ ಎತ್ತಿಕೊಂಡು ಓಡಿದ. ಮೇಡಂ ಓಡುತ್ತಲೇ ತಿರುಗಿ, ಪುಣೆಯ ಮೇಜು ನಿನ್ನದು, ಇಬ್ಬರೂ ಬನ್ನಿ, ಆಯಿಯನ್ನು ಬಿಟ್ಟು ಬರಬೇಡ ಎಂದು ಕೂಗಿ ಹೇಳಿದರು. ನಾನು ಚಾದಂಗಡಿಯ ಮುಂದೆ ನಿಂತು ಕುಣಿದೆ. ಹೌದು, ಕುಣಿದೆ, ಸುತ್ತ ನಿಂತವರು ಸಾಕ್ಷಿ. ಚಾದಂಗಡಿಯವನು ಕರಾರಿನ ಪ್ರಕಾರ ಆಡಲು ಕುಳಿತ, ಅವನೂ ಸೋತ.

ಆಟ ತಿದ್ದಲು ಹದಿನೈದು ದಿನ ಹಿಡಿಯಿತು. ಕೋಡು ಬರೆಯುವುದು ಒಂದು ದಿನದ ಕೆಲಸ. ಬಡಿಸುವವರು ಯಾರು ಎಂಬುದು ಉಳಿದ ದಿನಗಳ ಕೆಲಸ. ಅವ್ವನನ್ನು ಹಾಕೋಣವೆಂದರೆ ಅವಳು ಆಟದಲ್ಲಿ ದನದ ಕೊಟ್ಟಿಗೆಯಲ್ಲಿ ಇದ್ದಳು. ಕಾಕಾ ಸೌಟು ಹಿಡಿದದ್ದನ್ನು ಯಾರೂ ನಂಬುತ್ತಿರಲಿಲ್ಲ. ಕಡೆಗೆ ನೋಡಿದರೆ ಆ ಮನೆಯಲ್ಲಿ ಎಲ್ಲರೂ ಇದ್ದರು, ನಾನೊಬ್ಬಳು ಇರಲಿಲ್ಲ. ಎರಡು ಜಡೆಯ, ಮೂಗಿನ ತುದಿ ಕೆಂಪಗಿರುವ ಒಂದು ಹೆಣ್ಣನ್ನು ಬರೆದು ಅವಳ ಕೈಗೆ ಸೌಟು ಕೊಟ್ಟೆ. ಆಯಿ ನೋಡಿ, ಮೂಗು ಇನ್ನಷ್ಟು ಕೆಂಪಗಿರಬೇಕು ಎಂದಳು.

ಪುಣೆಯ ಸಭಾಂಗಣ ನಮ್ಮ ಮಂಗಲ ಕಾರ್ಯಾಲಯದಂಥ ಹತ್ತನ್ನು ಒಳಗೆ ಹಾಕಿಕೊಳ್ಳುವಷ್ಟು ದೊಡ್ಡದು. ಗೋಡೆಯಷ್ಟು ಎತ್ತರದ ಪರದೆಗಳು, ಎದೆಗೆ ಬಡಿಯುವ ಸದ್ದು, ಕೊರಳಲ್ಲಿ ಚೀಟಿ ತೂಗುಹಾಕಿಕೊಂಡ ಸಾವಿರಾರು ಹರೆಯದವರು. ಬಂದೂಕುಗಳಂತೂ ಹುಕ್ಕೇರಿ ಮಾಸ್ತರರು ಕನಸಿನಲ್ಲೂ ಕಾಣದಷ್ಟು. ಆಯಿ ಒಂದೊಂದು ಪರದೆಯ ಮುಂದೆಯೂ ನಿಂತು, ಇದರಲ್ಲಿ ಯಾರೂ ಉಣ್ಣುವುದಿಲ್ಲವೇ ಎಂದು ನನ್ನನ್ನು ಕೇಳಿದಳು. ಅಲ್ಲಿ ಕಿಟಕಿಗಳೇ ಇರಲಿಲ್ಲ, ಸೂರ್ಯ ಎಲ್ಲಿದ್ದಾನೆಂದು ತಿಳಿಯುವ ಹಾಗಿರಲಿಲ್ಲ. ನಾನು ಪುಣೆಯ ಸೂರ್ಯಾಸ್ತವನ್ನು ಅಂಗೈಯಲ್ಲಿ ಬರೆದುಕೊಂಡಿದ್ದೆ. ನಮ್ಮ ಮೇಜಿನ ಮುಂದೆ ಮಧ್ಯಾಹ್ನದಿಂದ ಸಾಲು ಕರಗಲಿಲ್ಲ. ಆಡಿದವರು ಸೋತು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಅದನ್ನು ನೋಡುತ್ತ ನಿಂತ ನನಗೆ ಆದ ಸಂತೋಷವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಐದೂವರೆಗೆ ನಾನು ಸಾಲಿನವರಿಗೆ, ಸ್ವಲ್ಪ ತಡೆಯಿರಿ, ಇಲ್ಲಿ ಒಬ್ಬರ ಊಟ ಆಗಬೇಕು ಎಂದು ಹೇಳಿದೆ. ಮೇಜಿನ ಹಿಂದೆ ನೆಲಕ್ಕೆ ಟವೆಲು ಹಾಸಿ ಆಯಿಯನ್ನು ಕೂರಿಸಿದೆ. ಉಳಿದುಕೊಂಡಿದ್ದ ಧರ್ಮಶಾಲೆಯ ಒಲೆಯ ಮೇಲೆ ನಾನೇ ಮಾಡಿದ ರೊಟ್ಟಿ, ಹೆಸರುಕಾಳಿನ ಪಲ್ಲೆ. ಸಾಲಿನವರು ಕೊರಳು ಚಾಚಿ ನೋಡುತ್ತಿದ್ದರು, ನಮ್ಮ ಪುಣೆಯ ಮೇಡಂ ಕೂಡ ಬಂದು ನಿಂತಿದ್ದರು. ಆಯಿಗೆ ಅಷ್ಟು ಜನರ ಮುಂದೆ ಒಬ್ಬಳೇ ಮೊದಲು ಉಣ್ಣಲು ಸಂಕೋಚ. ಸೆರಗು ಸರಿಮಾಡಿಕೊಂಡಳು, ನನ್ನ ಮುಖ ನೋಡಿದಳು. ನಾನು ಸೌಟು ಹಿಡಿದು ಕಾದೆ. ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಬಾಯಿಗೆ ಹಾಕಿಕೊಂಡು, ಸಾವಕಾಶ ಅಗಿದಳು.

"ಉಪ್ಪ ಕಮ್ಮಿ ಆಗೇತಿ" ಎಂದಳು.

ಅರವತ್ತು ವರ್ಷ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವಳ ಬಾಯಿಂದ ಉಪ್ಪಿನ ಮಾತು ನಾನು ಅದೇ ಮೊದಲ ಸಲ ಕೇಳಿದ್ದು.